ಪಂಕ್ ಬ್ಯಾಂಡ್‌ನ ಲೈವ್ ಶೋ ರೆಕಾರ್ಡ್ ಮಾಡೋದು ಹೇಗೆ, ಮೈಕ್ ಇಡೋದ್ರಿಂದ ಹಿಡಿದು ಫೈಲ್‌ಗೆ ಹೆಸರಿಡೋವರೆಗೆ

ಪಂಕ್, ಅಂದ್ರೆ ಜೋರಾದ ಒರಟು ರಾಕ್ ಸಂಗೀತದ ಶೋ ರೆಕಾರ್ಡ್ ಮಾಡ್ಬೇಕು ಅಂತ ಹೊರಟೋರು ಮೊದಲು ಒಂದು ವಿಷಯ ತೀರ್ಮಾನ ಮಾಡ್ಕೋಬೇಕು, ನಮಗೆ ಬೇಕಿರೋದು ಬರೀ ಬ್ಯಾಂಡಾ ಇಲ್ಲ ಆ ರೂಮ್ ಪೂರ್ತಿನಾ ಅಂತ. ನನ್ನ ಪ್ರಕಾರ ರೂಮ್ ಪೂರ್ತಿ ಬೇಕು. ಬ್ಯಾಂಡ್ ಒಂದೇ ಸಾಕು ಅಂದ್ರೆ ಸ್ಟುಡಿಯೋ ಇದೆಯಲ್ಲ, ಅಲ್ಲಿ ಇನ್ನೂ ಚೆನ್ನಾಗೇ ಬರುತ್ತೆ. ಹಾಡೋರು ಮೈಕ್‌ನ ಜನರ ಕಡೆ ಚಾಚಿದಾಗ ಮುಂದಿನ ಸಾಲಿನೋರು ಪಲ್ಲವಿನ ಅರಚ್ತಾರಲ್ಲ, ಎರಡು ಹಾಡಿನ ಮಧ್ಯೆ ಗಿಟಾರ್ ಆಂಪ್ ಕುಂಯ್ ಅಂತಿರುವಾಗ ಯಾರೋ ಹಿಂದಿನಿಂದ ಹಾಡಿನ ಹೆಸರು ಕೂಗ್ತಾರಲ್ಲ, ಅದೆಲ್ಲ ರೆಕಾರ್ಡಿಂಗಲ್ಲಿ ಇದ್ರೇನೇ ಅದು ಲೈವ್. ಮುಂದೆ ಹೇಳೋ ಮೈಕ್ ಜಾಗ, ಲೆವೆಲ್, ಮಿಕ್ಸ್ ಎಲ್ಲಾ ಈ ಒಂದು ತೀರ್ಮಾನದ ಮೇಲೇ ನಿಂತಿರೋದು.

ಈ ಥರ ಯೋಚನೆ ಮಾಡಿದೋರು ತುಂಬಾ ಹಿಂದಿನಿಂದಲೂ ಇದ್ದಾರೆ. ಡೆಟ್ರಾಯ್ಟ್‌ನ ಎಂಸಿ5 ಬ್ಯಾಂಡ್ ತನ್ನ ಮೊದಲನೇ ಆಲ್ಬಮ್ಮನ್ನೇ ಸ್ಟುಡಿಯೋ ಬಿಟ್ಟು 1968ರ ಅಕ್ಟೋಬರ್ 30 ಮತ್ತು 31ಕ್ಕೆ ಗ್ರ್ಯಾಂಡೆ ಬಾಲ್‌ರೂಮಲ್ಲಿ ಜನರ ಎದುರಿಗೇ ರೆಕಾರ್ಡ್ ಮಾಡ್ತು, ಆಗಿನ್ನೂ ಪಂಕ್ ಅನ್ನೋ ಹೆಸರು ಚಾಲ್ತಿಗೇ ಬಂದಿರಲಿಲ್ಲ. ಆಮೇಲೆ ರಮೋನ್ಸ್ ಬ್ಯಾಂಡ್, 1977ರ ಡಿಸೆಂಬರ್ 31ರ ರಾತ್ರಿ ಲಂಡನ್ನಿನ ರೇನ್‌ಬೋ ಥಿಯೇಟರಲ್ಲಿ ನುಡಿಸಿದ್ದು 1979ರಲ್ಲಿ ಡಬಲ್ ಆಲ್ಬಮ್ ಆಗಿ ಬಂತು, 28 ಹಾಡು, ಒಟ್ಟು ಒಂದು ಗಂಟೆಗೂ ಕಮ್ಮಿ. ಒಂದು ಹಾಡು ಮುಗಿದು ಉಸಿರು ತಗೊಳ್ಳೋಷ್ಟರಲ್ಲಿ ಒನ್ ಟು ತ್ರೀ ಫೋರ್ ಅಂತ ಇನ್ನೊಂದು ಶುರು. ರೆಕಾರ್ಡ್ ಮಾಡೋರಿಗೆ ಇದರಲ್ಲಿ ದೊಡ್ಡ ಪಾಠ ಇದೆ, ಮಧ್ಯದಲ್ಲಿ ಲೆವೆಲ್ ಸರಿ ಮಾಡ್ಕೊಳ್ಳೋಕೆ, ಬ್ಯಾಟರಿ ಬದಲಾಯಿಸೋಕೆ, ಸ್ಟ್ಯಾಂಡ್ ಸರಿಸೋಕೆ ನಿಮಗೆ ಟೈಮೇ ಸಿಗಲ್ಲ. ಸೆಟ್ ಅರ್ಧ ಗಂಟೆ ಮುಕ್ಕಾಲು ಗಂಟೇಲಿ ಮುಗಿದೇ ಹೋಗುತ್ತೆ. ಹಾಗಾಗಿ ಕೆಲಸ ಎಲ್ಲಾ ಶೋಗೆ ಮುಂಚೆನೇ ಆಗಿರಬೇಕು.

ಮೊದಲು ಕೇಳಿ

ಬ್ಯಾಂಡ್‌ನೋರನ್ನ ಕೇಳಿ, ಜಾಗದೋರನ್ನ ಕೇಳಿ, ಸೌಂಡ್ ಇಂಜಿನಿಯರ್ನ ತಪ್ಪದೇ ಕೇಳಿ. ಇದು ಬರೀ ಮರ್ಯಾದೆ ವಿಷಯ ಅಲ್ಲ, ಸೌಂಡ್ ಇಂಜಿನಿಯರ್ ಮನಸ್ಸು ಮಾಡಿದ್ರೆ ನಿಮಗೆ ಡೆಸ್ಕ್ (ಅವರ ಸೌಂಡ್ ಮಿಕ್ಸರ್) ಪಕ್ಕದಲ್ಲಿ ಜಾಗ, ಒಂದು ಪ್ಲಗ್ ಪಾಯಿಂಟ್, ಮಿಕ್ಸರ್‌ನಿಂದ ಒಂದು ಲೈನ್ ಮೂರೂ ಸಿಗುತ್ತೆ, ಇಲ್ಲಾಂದ್ರೆ ಮೂರೂ ಇಲ್ಲ. ಸೌಂಡ್ ಚೆಕ್ ಟೈಮಿಗೇ ಹೋಗಿ, ಅವರು ಕೇಬಲ್ ಎಳೀತಿರುವಾಗ ಮಧ್ಯೆ ಹೋಗಿ ನಿಲ್ಲಬೇಡಿ, ಕೆಲಸ ಸ್ವಲ್ಪ ಹತೋಟಿಗೆ ಬಂದಮೇಲೆ ಮಾತಾಡಿ. ಆ ರಾತ್ರಿ ನುಡಿಸೋ ಬೇರೆ ಬ್ಯಾಂಡ್‌ಗಳನ್ನೂ ಕೇಳಿ, ಯಾಕಂದ್ರೆ ಲೆವೆಲ್ ನೋಡೋಕೆ ಅವರ ಸೆಟ್ ಬೇಕಾಗುತ್ತೆ. ರೆಕಾರ್ಡಿಂಗ್ ಹೊರಗೆ ಬಿಡ್ತೀರಾ ಇಲ್ಲ ಬ್ಯಾಂಡ್‌ಗೆ ಮಾತ್ರ ಕೊಡ್ತೀರಾ ಅನ್ನೋದನ್ನ ಮೊದಲೇ ಹೇಳಿಬಿಡಿ. ಇನ್ನೊಂದು, ಸೆಟ್‌ನಲ್ಲಿ ಬೇರೆ ಬ್ಯಾಂಡ್‌ನ ಹಾಡು ಇದ್ರೆ ಅದನ್ನ ಬಿಡುಗಡೆ ಮಾಡೋಕೆ ಆ ಹಾಡು ಬರೆದೋರ ಕಡೆಯ ಲೈಸೆನ್ಸ್ ಬೇಕಾಗುತ್ತೆ, ನುಡಿಸಿದೋರು ಹೂಂ ಅಂದ್ರೆ ಸಾಕಾಗಲ್ಲ.

ಏನೇನು ಬೇಕು

ಕೈಯಲ್ಲಿ ಹಿಡಿಯೋ ಸೈಜಿನ ಒಂದು ರೆಕಾರ್ಡರ್ ಸಾಕು, ಜೂಮ್, ಟ್ಯಾಸ್ಕ್ಯಾಮ್ ಯಾವುದಾದ್ರೂ ಸರಿ, ಆದ್ರೆ ಅದರದೇ ಎರಡು ಮೈಕ್ ಜೊತೆಗೆ ಹೊರಗಿನಿಂದ ಎರಡು ಇನ್‌ಪುಟ್ ತಗೊಳ್ಳೋ ಥರದ್ದು ಇದ್ರೆ ಒಳ್ಳೇದು, ನಾಲ್ಕು ಟ್ರ್ಯಾಕ್ ಒಟ್ಟಿಗೇ ಆಗುತ್ತೆ. ಒಂದು ಗಟ್ಟಿ ಸ್ಟ್ಯಾಂಡ್, ಗ್ಯಾಫರ್ ಟೇಪ್, ಹೊಸ ಬ್ಯಾಟರಿ, ಅದರ ಮೇಲೆ ಇನ್ನೊಂದು ಸೆಟ್ ಬ್ಯಾಟರಿ, ಖಾಲಿ ಮಾಡಿದ ಮೆಮೊರಿ ಕಾರ್ಡ್. ಮಿಕ್ಸರ್‌ಗೆ ಹಾಕೋ ಕೇಬಲ್ ನೀವೇ ತಗೊಂಡು ಹೋಗಿ, ಎಕ್ಸ್‌ಎಲ್‌ಆರ್ ಎರಡು, ಕಾಲಿಂಚಿನ ಜ್ಯಾಕ್ ಎರಡು, ಆರ್‌ಸಿಎ ಜೋಡಿ ಒಂದು, ಯಾಕಂದ್ರೆ ಹಳೇ ಡೆಸ್ಕಲ್ಲಿ ಖಾಲಿ ಇರೋದು ಯಾವ ಸಾಕೆಟ್ ಅಂತ ಅಲ್ಲಿ ಹೋದಮೇಲೇ ಗೊತ್ತಾಗೋದು.

ಸೆಟ್ಟಿಂಗ್ ವೇವ್ ಫೈಲ್, 24 ಬಿಟ್, 48 ಕಿಲೋಹರ್ಟ್ಜ್. ಎಂಪಿ3ಲಿ ರೆಕಾರ್ಡ್ ಮಾಡ್ಬೇಡಿ, ಬೇಕಿದ್ರೆ ಆಮೇಲೆ ಎಂಪಿ3 ಮಾಡ್ಕೋಬಹುದು. ಈ ಲೆಕ್ಕದಲ್ಲಿ ಸ್ಟೀರಿಯೋ ಒಂದು ಗಂಟೆಗೆ ಸುಮಾರು 1 ಜಿಬಿ ಆಗುತ್ತೆ, ನಾಲ್ಕು ಟ್ರ್ಯಾಕ್ ಅಂದ್ರೆ 2 ಜಿಬಿ, ಇವತ್ತಿನ ಕಾರ್ಡ್‌ಗಳಿಗೆ ಅದೇನೂ ದೊಡ್ಡದಲ್ಲ.

ಬರೀ ಫೋನ್ ಇದೆ ಅಂದ್ರೂ ಪರವಾಗಿಲ್ಲ, ಆದ್ರೆ ಕ್ಯಾಮೆರಾ ಆಪ್ ನಂಬ್ಕೋಬೇಡಿ. ಅದು ಸೌಂಡ್ ಜೋರಾದಾಗ ತಾನೇ ಇಳಿಸಿ, ಕಮ್ಮಿ ಆದಾಗ ತಾನೇ ಏರಿಸಿ, ಡ್ರಮ್ ಏಟು ಬಿದ್ದಾಗೆಲ್ಲ ಮಿಕ್ಕಿದ್ದು ಮುಳುಗಿ ಮುಳುಗಿ ಏಳೋ ಹಾಗೆ ಮಾಡಿಬಿಡುತ್ತೆ. ಗೇನ್ (ಮೈಕ್ ಸಿಗ್ನಲ್ ಎಷ್ಟು ಏರಿಸ್ಬೇಕು ಅನ್ನೋದು) ಕೈಯಾರೆ ಇಡೋಕೆ ಬಿಡೋ ರೆಕಾರ್ಡಿಂಗ್ ಆಪ್ ಹಾಕ್ಕೊಳ್ಳಿ, ಫ್ಲೈಟ್ ಮೋಡ್ ಆನ್ ಮಾಡಿ, ಸ್ಪೀಕರ್‌ನಿಂದ ದೂರ ನಿಲ್ಲಿ.

ಕಿವಿಗೆ ಇಯರ್‌ಪ್ಲಗ್ ಬೇಕೇ ಬೇಕು. ಕೆಲಸದ ಜಾಗದ ಆರೋಗ್ಯ ನೋಡ್ಕೊಳ್ಳೋ ಅಮೆರಿಕದ ನಿಯೋಶ್ ಸಂಸ್ಥೆ ಹಾಕಿರೋ ಮಿತಿ ಪ್ರಕಾರ 85 ಡೆಸಿಬೆಲ್‌ಗೆ ದಿನಕ್ಕೆ 8 ಗಂಟೆ, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗ್ಲೂ ಟೈಮ್ ಅರ್ಧ ಆಗ್ತಾ ಹೋಗುತ್ತೆ, ಅಂದ್ರೆ 100 ಡೆಸಿಬೆಲ್‌ಗೆ ಬರೀ 15 ನಿಮಿಷ. ಚಿಕ್ಕ ರೂಮಿನ ಪಂಕ್ ಶೋ 100 ದಾಟೋದು ತೀರಾ ಮಾಮೂಲಿ. ನಾಳೆ ಮಿಕ್ಸ್ ಮಾಡೋದೂ ಇದೇ ಕಿವೀಲಿ, ಉಳಿಸ್ಕೊಳ್ಳಿ.

ಮೈಕ್ ಎಲ್ಲಿ ಇಡೋದು

ಇಡೀ ಕೆಲಸದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ, ಮೈಕ್ ತಪ್ಪು ಜಾಗದಲ್ಲಿದ್ರೆ ಆಮೇಲೆ ಯಾವ ಸಾಫ್ಟ್‌ವೇರೂ ಉಳಿಸಲ್ಲ.

ಸ್ಟೇಜ್ ಮುಂದೇನೇ ಇಟ್ರೆ ಗಿಟಾರ್ ಆಂಪು ಡ್ರಮ್ಸು ಬರುತ್ತೆ, ಹಾಡು ಬರಲ್ಲ, ಯಾಕಂದ್ರೆ ಹಾಡು ಬರೋದು ಪಕ್ಕದ ದೊಡ್ಡ ಸ್ಪೀಕರ್‌ಗಳಿಂದ, ಅವು ನಿಮ್ಮ ತಲೆ ಮೇಲಿಂದ ಹಿಂದಕ್ಕೆ ಹೋಗ್ತಿರುತ್ವೆ. ಜೊತೆಗೆ ಜನ ಕುಣಿದು ಡಿಕ್ಕಿ ಹೊಡೆಯೋ ಜಾಗ ಅದೇ, ಸ್ಟ್ಯಾಂಡ್ ಎರಡನೇ ಹಾಡಿಗೇ ನೆಲದ ಮೇಲಿರುತ್ತೆ. ಹಾಗಂತ ತೀರಾ ಹಿಂದಿನ ಗೋಡೆಗೆ ಒತ್ತಿ ಇಟ್ರೆ ಬೇಸ್ ಗೋಡೆಗೆ ಬಡಿದು ಗುಮ್ ಅಂತ ಸೇರ್ಕೊಳ್ಳುತ್ತೆ, ಮೂಲೇಲಿ ಇಟ್ರಂತೂ ಇನ್ನೂ ಜಾಸ್ತಿ. ಒಳ್ಳೇ ಜಾಗ ಅಂದ್ರೆ ಸೌಂಡ್ ಇಂಜಿನಿಯರ್ ನಿಲ್ಲೋ ಜಾಗ ಇಲ್ಲ ಅದಕ್ಕಿಂತ ಸ್ವಲ್ಪ ಮುಂದೆ, ಎರಡೂ ಸ್ಪೀಕರ್‌ಗಳ ಮಧ್ಯದ ಗೆರೆ ಮೇಲೆ. ಇಡೀ ಮಿಕ್ಸ್ ಅವರ ಕಿವಿಗೆ ಸರಿ ಕೇಳೋ ಹಾಗೇ ತಾನೇ ಮಾಡಿರೋದು. ಡೆಸ್ಕ್ ಯಾವುದೋ ಮೂಲೇಲಿ ಇದ್ರೆ ಮಾತ್ರ ಈ ಮಾತು ನಡೆಯಲ್ಲ, ಆಗ ನೀವೇ ಸೌಂಡ್ ಚೆಕ್ ಟೈಮಲ್ಲಿ ರೂಮ್ ಪೂರ್ತಿ ಓಡಾಡಿ ಹಾಡಿನ ಪದಗಳು ಎಲ್ಲಿ ಬಿಡಿಬಿಡಿಯಾಗಿ ಕೇಳುತ್ತೋ ಅಲ್ಲಿ ನಿಲ್ಲಿಸಿ.

ಎತ್ತರ ಮರೀಬೇಡಿ. ಜನ ತುಂಬಿದಮೇಲೆ ಎದೆ ಮಟ್ಟದಲ್ಲಿರೋ ಮೈಕ್‌ಗೆ ಬೆನ್ನುಗಳೇ ಕಾಣೋದು, ಸಿಂಬಲ್ಲು ಹಾಡಿನ ಅಕ್ಷರಗಳು ಎಲ್ಲಾ ಜನರ ಬಟ್ಟೇಲೇ ಹೀರ್ಕೊಂಡು ಹೋಗುತ್ತೆ. ಎರಡೂವರೆ ಮೀಟರ್ ಹತ್ರ ಎತ್ತರಕ್ಕೆ ಏರಿಸಿ, ಕಾಲುಗಳನ್ನ ಪೂರ್ತಿ ಅಗಲಿಸಿ ಟೇಪ್ ಹಾಕಿ, ಆಗುತ್ತೆ ಅಂದ್ರೆ ಡೆಸ್ಕ್ ಕಟಕಟೆಗೋ ಕಂಬಕ್ಕೋ ಕಟ್ಟಿಬಿಡಿ. ರೆಕಾರ್ಡರ್‌ನ ಎರಡು ಮೈಕ್ ಅಡ್ಡಡ್ಡ ದಾಟಿಕೊಂಡಿರೋ ಎಕ್ಸ್‌ವೈ ಜೋಡಣೆ ಆದ್ರೆ ಹಾಗೇ ಸ್ಟೇಜ್ ಕಡೆ ತಿರುಗಿಸಿ. ಬೇರೆ ಎರಡು ಮೈಕ್ ಇದ್ರೆ 17 ಸೆಂಟಿಮೀಟರ್ ಅಂತರ 110 ಡಿಗ್ರಿ ಕೋನದಲ್ಲಿ ಇಡಿ, ಇದಕ್ಕೆ ಓಆರ್‌ಟಿಎಫ್ ಅಂತಾರೆ, ರೂಮಿನ ಅಗಲ ಇದರಲ್ಲಿ ಇನ್ನೂ ಚೆನ್ನಾಗಿ ಸಿಗುತ್ತೆ. ಪಕ್ಕದಲ್ಲೇ ಬಾರ್ ಕೌಂಟರ್ ಇದೆಯಾ, ಫ್ಯಾನ್ ಇದೆಯಾ, ಜೋರಾಗಿ ಮಾತಾಡೋ ಗುಂಪು ನಿಲ್ಲೋ ಜಾಗನಾ ಅಂತಾನೂ ಒಮ್ಮೆ ನೋಡ್ಕೊಳ್ಳಿ. ಜನರ ಗದ್ದಲ ಬೇಕು ಅಂದೆ ನಿಜ, ಆದ್ರೆ ಅದು ಬ್ಯಾಂಡ್ ನೋಡಿ ಕೂಗ್ತಿರೋ ಜನರದ್ದಾಗಿರಬೇಕು.

ಮಿಕ್ಸರ್‌ನಿಂದ ಲೈನ್ ತಗೊಳ್ಳೋದು

ತುಂಬಾ ಜನಕ್ಕೆ ಡೆಸ್ಕ್‌ನಿಂದ ನೇರ ಲೈನ್ ಸಿಕ್ಕಿದ್ರೆ ಸಾಕು, ಇನ್ನೇನೂ ಬೇಡ ಅನ್ನೋ ನಂಬಿಕೆ ಇದೆ. ಚಿಕ್ಕ ಜಾಗದಲ್ಲಿ ಅದು ಸುಳ್ಳಾಗುತ್ತೆ. ಗಿಟಾರ್ ಆಂಪ್‌ಗಳೇ ರೂಮ್ ತುಂಬೋಷ್ಟು ಜೋರಾಗಿರೋದ್ರಿಂದ ಸೌಂಡ್‌ನೋರು ಅವನ್ನ ಸ್ಪೀಕರ್‌ಗೆ ಹಾಕೋದೇ ಇಲ್ಲ, ಹಾಕಿದ್ರೂ ಒಂಚೂರು. ಡೆಸ್ಕ್ ಲೈನಲ್ಲಿ ಇರೋದು ಹಾಡೋರ ಗಂಟಲು, ಕಿಕ್ ಡ್ರಮ್, ಬೇಸ್ ಸ್ವಲ್ಪ, ಅಷ್ಟೇ. ಕೇಳಿದ್ರೆ ಗಿಟಾರೇ ಇಲ್ಲದ ಬ್ಯಾಂಡ್ ಥರ ಇರುತ್ತೆ. ಆದ್ರೆ ರೂಮ್ ಮೈಕಲ್ಲಿ ಗಿಟಾರ್ ಬೇಕಾದಷ್ಟು ಇರುತ್ತೆ, ಹಾಡು ಮಾತ್ರ ಮಸುಕು. ಒಂದರಲ್ಲಿ ಇಲ್ಲದ್ದು ಇನ್ನೊಂದರಲ್ಲಿದೆ. ಎರಡನ್ನೂ ಸೇರಿಸೋದೇ ಸರಿಯಾದ ದಾರಿ, ಟೇಪ್ ಮಾಡೋರು ಇದನ್ನ ಮ್ಯಾಟ್ರಿಕ್ಸ್ ಅಂತಾರೆ.

ಲೈನ್ ಹಾಕೋವಾಗ ರೆಕಾರ್ಡರ್‌ನ ಆ ಇನ್‌ಪುಟ್ ಮೈಕ್ ಲೆವೆಲ್ ಅಲ್ಲ, ಲೈನ್ ಲೆವೆಲ್‌ನಲ್ಲಿ ಇರಬೇಕು. ಫ್ಯಾಂಟಮ್ ಪವರ್ (ಕೇಬಲ್ಲಲ್ಲೇ ಮೈಕ್‌ಗೆ ಹೋಗೋ ಕರೆಂಟ್) ಆಫ್ ಇರಬೇಕು, 48 ವೋಲ್ಟ್ ಡೆಸ್ಕ್ ಕಡೆಗೆ ವಾಪಸ್ ಹೋಗೋದು ಯಾರಿಗೂ ಒಳ್ಳೇದಲ್ಲ. ಬರೋ ಸಿಗ್ನಲ್ ಜೋರಾಗಿದ್ರೆ ಸೌಂಡ್ ಇಂಜಿನಿಯರ್‌ಗೆ ಆ ಔಟ್‌ಪುಟ್ ಇಳಿಸೋಕೆ ಹೇಳಿ. ನಿಮಗೇ ಅಂತ ಬೇರೆ ಆಕ್ಸ್ ಔಟ್ (ಬೇರೆ ಮಿಕ್ಸ್ ಕಳಿಸೋ ಔಟ್‌ಪುಟ್) ಕೊಡೋಕೆ ಒಪ್ಪಿದ್ರಂತೂ ಅದೃಷ್ಟ, ಅದರಲ್ಲಿ ಗಿಟಾರ್ ಸ್ವಲ್ಪ ಜಾಸ್ತಿ ಹಾಕ್ಸ್ಕೋಬಹುದು, ಆದ್ರೆ ಗಿಟಾರ್ ಆಂಪ್ ಮುಂದೆ ಮೈಕ್ ಇಟ್ಟಿದ್ರೆ ತಾನೇ ಅದು.

ಡೆಸ್ಕ್ ಡಿಜಿಟಲ್ ಆಗಿದ್ರೆ, ಬೆರಿಂಗರ್ ಎಕ್ಸ್32 ಥರದ್ದು, ಯುಎಸ್‌ಬಿ ಕೇಬಲ್ಲಲ್ಲಿ ಲ್ಯಾಪ್‌ಟಾಪ್‌ಗೆ 32 ಟ್ರ್ಯಾಕ್ ಬೇರೆಬೇರೆಯಾಗಿ ಬರುತ್ತೆ, ಸ್ನೇರ್ ಡ್ರಮ್ ಒಂದು, ಕಿಕ್ ಒಂದು, ಒಂದೊಂದು ಗಂಟಲೂ ಬೇರೆ. 24 ಟ್ರ್ಯಾಕ್‌ಗೆ ಗಂಟೆಗೆ ಸುಮಾರು 12 ಜಿಬಿ ಲೆಕ್ಕ ಇಟ್ಕೊಳ್ಳಿ. ಆಗಲೂ ರೂಮ್ ಮೈಕ್ ಬಿಡಬೇಡಿ, ಜನ ಯಾವ ಚಾನೆಲ್ಲಲ್ಲೂ ಇರಲ್ಲ.

ಲೆವೆಲ್

ಪಂಕ್ ಶೋಲಿ ಸೌಂಡ್ ಚೆಕ್ ಲೆವೆಲ್ ನಂಬೋ ಹಾಗಿಲ್ಲ. ಖಾಲಿ ರೂಮಲ್ಲಿ ಎಲ್ಲರೂ ಸಮಾಧಾನವಾಗಿ ನುಡಿಸ್ತಾರೆ, ಜನ ಬಂದಮೇಲೆ ಡ್ರಮ್ಮರ್ ಕೈಗೆ ಬೇರೆನೇ ಶಕ್ತಿ ಬರುತ್ತೆ, ಗಿಟಾರ್‌ನೋರು ಹಿಂದೆ ತಿರುಗಿ ಆಂಪ್ ಏರಿಸ್ತಾರೆ, ಅದಕ್ಕೆ ಹಾಡು ಕೇಳ್ಸಲ್ಲ ಅಂತ ಸೌಂಡ್‌ನೋರು ಹಾಡು ಏರಿಸ್ತಾರೆ, ಹೀಗೇ ರಾತ್ರಿ ಪೂರ್ತಿ ಏರ್ತಾನೇ ಹೋಗುತ್ತೆ. ಮೊದಲ ಬ್ಯಾಂಡ್ ನುಡಿಸ್ತಿರುವಾಗ ಮೀಟರ್‌ನ ಎತ್ತರದ ಏಟುಗಳು ಮೈನಸ್ 18 ಡೆಸಿಬೆಲ್ ಹತ್ರ ಇರೋ ಹಾಗೆ ಗೇನ್ ಇಡಿ (ಮೀಟರಲ್ಲಿ ಸೊನ್ನೆನೇ ಮೇಲಿನ ಮಿತಿ). ಮುಖ್ಯ ಬ್ಯಾಂಡ್ ಬಂದಾಗ ಅದು ಮೈನಸ್ 12, ಮೈನಸ್ 8ರವರೆಗೆ ಏರಿದ್ರೂ ಇನ್ನೂ ಜಾಗ ಇರುತ್ತೆ. ಇಷ್ಟು ಕಮ್ಮಿ ಇಟ್ರೆ ಹಿಸ್ ಬರಲ್ವಾ ಅಂತ ಹೆದರಬೇಡಿ, 24 ಬಿಟ್‌ಗೆ ಲೆಕ್ಕದ ಪ್ರಕಾರ 144 ಡೆಸಿಬೆಲ್ ಹರವು ಇದೆ, ಈ ರೂಮಿನ ಗದ್ದಲದ ಮುಂದೆ ರೆಕಾರ್ಡರ್ ಹಿಸ್ ಲೆಕ್ಕಕ್ಕೇ ಬರಲ್ಲ. ಕಮ್ಮಿ ಇದ್ದಿದ್ದನ್ನ ಆಮೇಲೆ ಏರಿಸಬಹುದು, ಕ್ಲಿಪ್ ಆಗಿ ತಲೆ ಕತ್ತರಿಸಿಹೋಗಿದ್ದನ್ನ ವಾಪಸ್ ತರೋಕಾಗಲ್ಲ.

32 ಬಿಟ್ ಫ್ಲೋಟ್ ರೆಕಾರ್ಡರ್ ಇದ್ರೆ ಫೈಲ್ ಕ್ಲಿಪ್ ಆಗೋ ಭಯ ಇಲ್ಲ, ಆದ್ರೆ ಮೈಕೇ ತಡ್ಕೊಳ್ಳದಷ್ಟು ಸೌಂಡ್ ಬಂದ್ರೆ ಆ ಒಡಕು ಅದರಲ್ಲೂ ಹಾಗೇ ದಾಖಲಾಗುತ್ತೆ. ಆಟೋ ಲೆವೆಲ್ ಆಫ್, ಲಿಮಿಟರ್ (ತೀರಾ ಜೋರಾದ ಏಟನ್ನ ತಡೆಯೋದು) ಆಫ್. ಲೋ ಕಟ್ (ತೀರಾ ಕೆಳಗಿನ ಬೇಸ್ ಕತ್ತರಿಸೋದು) ಕೂಡ ಆಫ್ ಇರಲಿ, ಬೇಸ್ ಒಂದರಿಂದಲೇ ಮೀಟರ್ ಕುಣೀತಿದ್ರೆ ಮಾತ್ರ 80 ಹರ್ಟ್ಜ್‌ಗೆ ಹಾಕಿ. ಹೆಡ್‌ಫೋನ್ ಹಾಕ್ಕೊಂಡು ಕೇಳಿ ತೀರ್ಮಾನ ಮಾಡೋದಂತೂ ಆ ಸೌಂಡಲ್ಲಿ ಆಗದ ಮಾತು, ಹೊರಗಿನದೇ ಒಳಗೆ ನುಗ್ಗುತ್ತೆ. ಮೀಟರ್ ನೋಡಿ, ಮೊದಲ ಬ್ಯಾಂಡ್ ಮುಗಿದಾಗ ಹೊರಗೆ ಹೋಗಿ ಒಂದು ನಿಮಿಷ ಪ್ಲೇ ಮಾಡಿ ಕೇಳಿ ಬನ್ನಿ.

ಬ್ಯಾಂಡ್ ಸ್ಟೇಜಿಗೆ ಬರೋ ಹತ್ತು ನಿಮಿಷ ಮುಂಚೆನೇ ರೆಕಾರ್ಡ್ ಒತ್ತಿ, ಹೋಲ್ಡ್ ಬಟನ್ ಹಾಕಿ, ಸೆಕೆಂಡ್‌ಗಳು ಓಡ್ತಿವೆಯಾ ಅಂತ ಕಣ್ಣಾರೆ ನೋಡಿ. ಎಷ್ಟೋ ರೆಕಾರ್ಡರ್‌ಗಳಲ್ಲಿ ಒಂದು ಸಲ ಒತ್ತಿದ್ರೆ ಬರೀ ಸ್ಟ್ಯಾಂಡ್‌ಬೈ, ಕೆಂಪು ದೀಪ ಮಿಣಮಿಣ ಅಂತಿರುತ್ತೆ, ಎರಡನೇ ಸಲ ಒತ್ತಿದ್ರೇನೇ ಶುರು. ಆಮೇಲೆ ಮೈಕ್ ಕೆಳಗೆ ನಿಂತು ನೀವೇ ಹಾಡಬೇಡಿ. ಶೋ ಮುಗೀತು ಅಂತ ಕೂಡ್ಲೇ ಆಫ್ ಮಾಡ್ಬೇಡಿ, ಲೈಟ್ ಹಾಕಿದಮೇಲೂ ಜನ ಬಿಡದೇ ಕೂಗಿದ್ರೆ ಇನ್ನೊಂದು ಹಾಡು ಬರಬಹುದು.

ಎರಡನ್ನೂ ಸೇರಿಸೋದು

ಮನೆಗೆ ಬಂದು ಮೊದಲು ಕಾಪಿ ಮಾಡಿ, ಕಾರ್ಡ್ ಹಾಗೇ ಇಟ್ಟಿರಿ. ಎಡಿಟ್ ಮಾಡೋಕೆ ರೀಪರ್, ಆರ್ಡರ್ (Ardour), ಆಡಾಸಿಟಿ ಯಾವುದಾದ್ರೂ ಸಾಕು.

ಸೌಂಡ್ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಅಂದ್ರೆ ಒಂದು ಮೀಟರ್‌ಗೆ ಹತ್ತಿರಹತ್ತಿರ 3 ಮಿಲಿಸೆಕೆಂಡ್. ನಿಮ್ಮ ಮೈಕ್ ಸ್ಪೀಕರ್‌ನಿಂದ 10 ಮೀಟರ್ ಹಿಂದಿದ್ರೆ ರೂಮ್ ಟ್ರ್ಯಾಕ್ ಡೆಸ್ಕ್ ಟ್ರ್ಯಾಕ್‌ಗಿಂತ 29 ಮಿಲಿಸೆಕೆಂಡ್ ತಡವಾಗಿ ಬಂದಿರುತ್ತೆ. ಹಾಗೇ ಸೇರಿಸಿದ್ರೆ ಸ್ನೇರ್ ಏಟು ಎರಡೆರಡು ಸಲ ತಟ್ ತಟ್ ಅನ್ನುತ್ತೆ. ಎರಡೂ ಟ್ರ್ಯಾಕಲ್ಲಿ ಸ್ಪಷ್ಟವಾಗಿ ಕಾಣೋ ಒಂದು ಏಟು ಹುಡುಕಿ, ಡ್ರಮ್ಮರ್ ಕಡ್ಡಿ ಬಡಿದು ಲೆಕ್ಕ ಕೊಡ್ತಾರಲ್ಲ ಅದು ಹಾಡೋರ ಮೈಕಲ್ಲೂ ಬಿದ್ದಿರುತ್ತೆ, ಅದನ್ನ ಹಿಗ್ಗಿಸಿ ನೋಡಿ ರೂಮ್ ಟ್ರ್ಯಾಕನ್ನ ಅಷ್ಟು ಶುರುವಿನ ಕಡೆಗೆ ಎಳೀರಿ. ಆಮೇಲೆ ಒಂದರ ಪೊಲಾರಿಟಿ ತಿರುಗಿಸಿ (ಅಲೆಯನ್ನ ಮೇಲೆ ಕೆಳಗೆ ಮಾಡಿ) ಕೇಳಿ, ಯಾವುದರಲ್ಲಿ ಕಿಕ್ಕು ಬೇಸು ತುಂಬಿಕೊಂಡು ಕೇಳುತ್ತೋ ಅದನ್ನ ಇಟ್ಕೊಳ್ಳಿ.

ಎರಡೂ ಒಂದೇ ರೆಕಾರ್ಡರಲ್ಲಿ ಆಗಿದ್ರೆ ಇಷ್ಟು ಸಾಕು. ಬೇರೆಬೇರೆ ಮೆಷಿನ್ ಆಗಿದ್ರೆ ಎರಡರ ಗಡಿಯಾರ ಒಂದೇ ವೇಗದಲ್ಲಿ ಓಡಲ್ಲ, ಹತ್ತು ಲಕ್ಷಕ್ಕೆ 20 ಭಾಗ ವ್ಯತ್ಯಾಸ ಇದ್ರೂ 40 ನಿಮಿಷದ ಕೊನೇಲಿ 48 ಮಿಲಿಸೆಕೆಂಡ್ ಜಾರಿರುತ್ತೆ. ಮೊದಲ ಹಾಡಲ್ಲಿ ಹೊಂದಿಸಿದಮೇಲೆ ಕೊನೇ ಹಾಡಲ್ಲೂ ನೋಡಿ, ಜಾರಿದ್ರೆ ಒಂದು ಟ್ರ್ಯಾಕನ್ನ ಒಂಚೂರು ಹಿಗ್ಗಿಸಿ ಇಲ್ಲ ಹಾಡಿಂದ ಹಾಡಿಗೆ ಕತ್ತರಿಸಿ ಮತ್ತೆ ಹೊಂದಿಸಿ.

ಮಿಕ್ಸ್ ಮಾಡೋವಾಗ ಶುರು ಮಾಡೋದು ರೂಮ್ ಟ್ರ್ಯಾಕ್‌ನಿಂದ. ಅದೊಂದನ್ನೇ ಪ್ಲೇ ಮಾಡಿ, ಆಮೇಲೆ ಡೆಸ್ಕ್ ಟ್ರ್ಯಾಕನ್ನ ಸೊನ್ನೆಯಿಂದ ಮೆಲ್ಲಗೆ ಏರಿಸ್ತಾ ಬನ್ನಿ, ಹಾಡಿನ ಪದ ಅರ್ಥ ಆಗೋಕೆ ಶುರು ಆಯ್ತು ಅನ್ನೋ ಕಡೆ ನಿಲ್ಲಿಸಿ. ಇನ್ನೂ ಏರಿಸಿದ್ರೆ ಹಾಡೋರು ಬ್ಯಾಂಡ್ ಬಿಟ್ಟು ಎದುರಿಗೆ ಬಂದು ನಿಂತ ಹಾಗಾಗುತ್ತೆ, ಪಂಕಲ್ಲಿ ಗಂಟಲು ಗಿಟಾರ್ ಗೋಡೆ ಒಳಗಿಂದ ಸೀಳ್ಕೊಂಡು ಬರಬೇಕು. ರೂಮ್ ಟ್ರ್ಯಾಕಲ್ಲಿ 200ರಿಂದ 400 ಹರ್ಟ್ಜ್ ಮಧ್ಯೆ ಕೆಸರು ಕೂತಿರುತ್ತೆ, 3 ಡೆಸಿಬೆಲ್ ಇಳಿಸಿ ನೋಡಿ. ಕಿವಿ ಚುಚ್ಚೋ ಹಾಗಿದ್ರೆ 3 ಕಿಲೋಹರ್ಟ್ಜ್ ಆಸುಪಾಸಲ್ಲಿ ಸ್ವಲ್ಪ ಕಮ್ಮಿ ಮಾಡಿ. ಡೆಸ್ಕ್ ಟ್ರ್ಯಾಕ್ ರೂಮಿನ ಸುದ್ದಿನೇ ಇಲ್ಲದೆ ಒಣಗಿರುತ್ತೆ, ಅದಕ್ಕೆ ರಿವರ್ಬ್ (ರೂಮಿನ ಪ್ರತಿಧ್ವನಿ) ಹಾಕೋ ಆಸೆ ಬರುತ್ತೆ, ಹಾಕ್ಬೇಡಿ, ರೂಮ್ ಟ್ರ್ಯಾಕೇ ಅದರ ರಿವರ್ಬ್.

ಮಲ್ಟಿಟ್ರ್ಯಾಕ್ ಇರೋರಿಗೆ ಒಂದು ಮಾತು, ಹಾಡೋರ ಮೈಕಲ್ಲಿ ಡ್ರಮ್ ಬಂದಿದೆ ಅಂತ ಗೇಟ್ (ಸೌಂಡ್ ಕಮ್ಮಿ ಆದಾಗ ಮೈಕ್ ಮುಚ್ಚೋದು) ಹಾಕಿ ಹಾಕಿ ಸ್ವಚ್ಛ ಮಾಡೋಕೆ ಹೋಗ್ಬೇಡಿ. ಮೈಕ್ ತೆರೆದಾಗ ಸಿಂಬಲ್ ಭುಸ್ ಅಂತ ಬಂದು ಮುಚ್ಚಿದಾಗ ಮಾಯ ಆಗುತ್ತೆ, ಅದು ಇನ್ನೂ ಕೆಟ್ಟದಾಗಿ ಕೇಳುತ್ತೆ. ತಪ್ಪು ನುಡಿಸಿದ ಗಿಟಾರನ್ನ ಸ್ಟುಡಿಯೋಲಿ ಮತ್ತೆ ನುಡಿಸಿ ಸೇರಿಸೋದು, ಹಾಡಿನ ಸ್ವರ ಸಾಫ್ಟ್‌ವೇರಲ್ಲಿ ತಿದ್ದೋದು, ಬೇರೆ ಕಡೆಯ ಚಪ್ಪಾಳೆ ತಂದು ಹಾಕೋದು, ಇದ್ಯಾವುದೂ ಬೇಡ. ತಂತಿ ಕಿತ್ತುಹೋದ್ರೆ ಕಿತ್ತುಹೋದದ್ದು ಕೇಳ್ಲಿ, ಮುಂದಿನ ಸಾಲಿನೋರು ಮೈಕ್ ಕಿತ್ಕೊಂಡು ತಾಳ ತಪ್ಪಿ ಕೂಗಿದ್ರೆ ಅದೂ ಇರಲಿ, ಆ ರಾತ್ರಿ ನಡೆದಿದ್ದು ಅದೇ ತಾನೇ.

ಕೊನೇಲಿ ಒಂದು ಮೆದುವಾದ ಕಂಪ್ರೆಸರ್ (ಜೋರು ಮೆಲ್ಲಗೆಯ ಅಂತರ ಕಮ್ಮಿ ಮಾಡೋದು), ಒಂದು ಲಿಮಿಟರ್, ಎತ್ತರದ ಏಟು ಮೈನಸ್ 1 ಡೆಸಿಬೆಲ್ ಮೀರದ ಹಾಗೆ. ಲಿಮಿಟರನ್ನ ಒತ್ತಿ ಒತ್ತಿ ಇನ್ನೂ ಜೋರು ಮಾಡೋದ್ರಿಂದ ಲಾಭ ಇಲ್ಲ, ಸ್ಪಾಟಿಫೈ ಥರದ ಕಡೆ ಎಲ್ಲವನ್ನೂ ಮೈನಸ್ 14 ಲಫ್ಸ್ (ಕಿವಿಗೆ ಎಷ್ಟು ಜೋರು ಅನ್ನೋ ಅಳತೆ) ಮಟ್ಟಕ್ಕೆ ತಾವೇ ಇಳಿಸ್ತಾರೆ, ಉಳಿಯೋದು ಚಪ್ಪಟೆಯಾದ ಡ್ರಮ್ ಮಾತ್ರ.

ಕತ್ತರಿಸೋದು, ಹೆಸರಿಡೋದು

ಹಾಡುಗಳ ಮಧ್ಯದ ಮಾತು, ಟ್ಯೂನಿಂಗ್, ಕೂಗಾಟ ತೆಗೀಬೇಡಿ. ಐದು ನಿಮಿಷ ಆಂಪ್ ರಿಪೇರಿ ಆಗಿದ್ರೆ ಬೇಕಾದ್ರೆ ಅದನ್ನ ಮಾತ್ರ ಜನರ ಗದ್ದಲದ ಮೇಲೆ ಮೆಲ್ಲಗೆ ಕ್ರಾಸ್‌ಫೇಡ್ ಮಾಡಿ (ಒಂದು ಇಳೀತಾ ಇನ್ನೊಂದು ಏರೋ ಹಾಗೆ) ಚಿಕ್ಕದು ಮಾಡಿ. ಟ್ರ್ಯಾಕ್ ಕತ್ತರಿಸೋದು ಮುಂದಿನ ಹಾಡಿನ ಎಣಿಕೆಗೆ ಸರಿಯಾಗಿ ಮುಂಚೆ, ಮಾತು ಹಿಂದಿನ ಹಾಡಿನ ಬಾಲದಲ್ಲಿ ಇರಲಿ, ಆಗ ಯಾರಾದ್ರೂ ಒಂದೇ ಹಾಡು ಆರಿಸಿ ಕೇಳಿದ್ರೂ ನೇರ ಒನ್ ಟು ತ್ರೀ ಫೋರ್‌ನಿಂದ ಶುರು ಆಗುತ್ತೆ. ಒಂದೊಂದು ಹಾಡಿಗೂ ಫೇಡ್ ಹಾಕ್ಬೇಡಿ, ಫೇಡ್ ಇರೋದು ಇಡೀ ಶೋ ಶುರುವಿಗೆ ಒಂದು, ಮುಗಿವಿಗೆ ಒಂದು. ಸಿಡಿ ಬರೆಯೋ ಯೋಚನೆ ಇದ್ರೆ ಫೈಲನ್ನ ಮೊದಲು 16 ಬಿಟ್ 44.1 ಕಿಲೋಹರ್ಟ್ಜ್‌ಗೆ ಬದಲಾಯಿಸಿ, ಆಮೇಲೆ ಕತ್ತರಿಸೋ ಜಾಗ ಸೆಕೆಂಡಿನ 75ನೇ ಒಂದು ಭಾಗದ ಗಡಿ ಮೇಲೆ, ಅಂದ್ರೆ 588 ಸ್ಯಾಂಪಲ್‌ನ ಲೆಕ್ಕಕ್ಕೆ ಬೀಳೋ ಹಾಗೆ ನೋಡ್ಕೊಳ್ಳಿ, ಇಲ್ಲಾಂದ್ರೆ ಹಾಡಿಂದ ಹಾಡಿಗೆ ಹೋಗೋವಾಗ ಸಣ್ಣ ಟಿಕ್ ಕೇಳುತ್ತೆ.

ಉಳಿಸೋದು ಫ್ಲ್ಯಾಕ್ ಆಗಿ, ವೇವ್‌ಗಿಂತ ಜಾಗ ಕಮ್ಮಿ, ಸೌಂಡಲ್ಲಿ ಒಂದು ಬಿಟ್ಟೂ ಹೋಗಲ್ಲ. ಫೋಲ್ಡರ್ ಹೆಸರು ವರ್ಷ ತಿಂಗಳು ದಿನ ಅಂತ ಶುರು ಮಾಡಿ, ಆಮೇಲೆ ಬ್ಯಾಂಡ್, ಊರು, ಜಾಗ. ಒಳಗೆ ಒಂದು ಟೆಕ್ಸ್ಟ್ ಫೈಲ್ ಹಾಕಿ, ಹಾಡುಗಳ ಪಟ್ಟಿ, ಆವತ್ತು ಯಾರ್ಯಾರು ನುಡಿಸಿದ್ರು, ಯಾವ ರೆಕಾರ್ಡರ್, ಮೈಕ್ ಎಲ್ಲಿತ್ತು, ಡೆಸ್ಕ್ ಲೈನ್ ಇತ್ತಾ, ಆಮೇಲೆ ಏನೇನು ಬದಲಾಯಿಸಿದ್ರಿ ಎಲ್ಲಾ ಬರೀರಿ. ಸೆಟ್‌ಲಿಸ್ಟ್ ಕಾಗದ ಸ್ಟೇಜ್ ಮೇಲೆ ಅಂಟಿಸಿರ್ತಾರೆ, ಶೋ ಮುಗಿದಮೇಲೆ ಕೇಳಿ ಒಂದು ಫೋಟೋ ತಗೊಂಡಿದ್ರೆ ಈಗ ಉಪಯೋಗಕ್ಕೆ ಬರುತ್ತೆ. ಇದು ಅತಿ ಅನ್ಸೋರು ಫುಗಾಜಿ ಬ್ಯಾಂಡ್‌ನ ನೋಡಬೇಕು. ವಾಷಿಂಗ್ಟನ್ ಡಿಸಿಯ ಈ ಬ್ಯಾಂಡ್ 1987ರಿಂದ ಸಾವಿರದಷ್ಟು ಶೋ ಮಾಡ್ತು, ಅದರಲ್ಲಿ 800ಕ್ಕೂ ಹೆಚ್ಚನ್ನ ಅವರ ಸೌಂಡ್ ಇಂಜಿನಿಯರ್‌ಗಳು ರೆಕಾರ್ಡ್ ಮಾಡಿಟ್ಟಿದ್ರು, 2011ರಲ್ಲಿ ಅವರ ರೆಕಾರ್ಡ್ ಕಂಪನಿ ಡಿಸ್ಕಾರ್ಡ್ ರೆಕಾರ್ಡ್ಸ್ ಅವನ್ನ ಒಂದೊಂದಾಗಿ ಎಲ್ಲರಿಗೂ ಸಿಗೋ ಹಾಗೆ ಮಾಡೋಕೆ ಶುರು ಮಾಡ್ತು. ತಾರೀಖು ಜಾಗ ಬರೆದಿಡದೇ ಇದ್ದಿದ್ರೆ ಅಷ್ಟು ಟೇಪಲ್ಲಿ ಯಾವುದು ಯಾವ ರಾತ್ರಿದು ಅಂತ ಹುಡುಕೋದೇ ಒಂದು ಜನ್ಮದ ಕೆಲಸ ಆಗಿರೋದು.

ಹೊರಗೆ ಬಿಡೋಕೆ ಮುಂಚೆ ಬ್ಯಾಂಡ್‌ಗೆ ಪೂರ್ತಿ ಕಳಿಸಿ ಅವರು ಕೇಳಿ ಹೂಂ ಅನ್ನೋವರೆಗೆ ಕಾಯಿರಿ, ಯಾವುದಾದ್ರೂ ಹಾಡು ಬೇಡ ಅಂದ್ರೆ ತೆಗೀರಿ, ವಾದ ಮಾಡ್ಬೇಡಿ. ಸೌಂಡ್ ಇಂಜಿನಿಯರ್‌ಗೂ ಒಂದು ಕಾಪಿ ಕಳಿಸಿ, ಹೆಸರು ಹಾಕಿ. ಮಿಕ್ಸ್ ಮಾಡದೇ ಇರೋ ಮೂಲ ಫೈಲ್‌ಗಳನ್ನ ಅಳಿಸಬೇಡಿ, ಎರಡು ಬೇರೆ ಡ್ರೈವಲ್ಲಿ ಇಡಿ, ಒಂದು ನಿಮ್ಮ ಹತ್ರ, ಇನ್ನೊಂದು ಬ್ಯಾಂಡ್‌ನೋರ ಹತ್ರ.